ಹೆಸರುಕಾಳಿನ ಗಿಡದ ಬೇರಲ್ಲಿ ಕೆಂಪು ಯಾಕೆ?

ಮುಂಗಾರಿನಲ್ಲಿ ನವಲಗುಂದ, ಅಣ್ಣಿಗೇರಿ, ಗದಗ ಕಡೆಯ ಎರೆಹೊಲಗಳಲ್ಲಿ ಹೆಸರು ಹೂವಿಗೆ ಬಂದಾಗ ಒಂದು ಗಿಡ ಕಿತ್ತು ನೋಡಿ. ಹಿಡಿದು ಜಗ್ಗಬೇಡಿ, ಗಂಟುಗಳು ಮಣ್ಣಲ್ಲೇ ಉಳಿದುಬಿಡುತ್ತವೆ. ಸಲಿಕೆಯಿಂದ ಮಣ್ಣಿನ ಸಮೇತ ಎತ್ತಿ, ನೀರಲ್ಲಿ ತೊಳೆಯಿರಿ. ಬೇರಿಗೆ ಅಂಟಿಕೊಂಡ ಸಣ್ಣ ಗಂಟೊಂದನ್ನು ಉಗುರಿನಿಂದ ಸೀಳಿ. ಒಳಗೆ ಕೆಂಪಗಿದ್ದರೆ ಅದು ಸಾರಜನಕ ಹಿಡಿಯುತ್ತಿದೆ. ಬೆಳ್ಳಗೋ ಹಸಿರಾಗೋ ಇದ್ದರೆ ಇಲ್ಲ.

ಗಂಟಿನೊಳಗೆ ಇರುವುದು ರೈಜೋಬಿಯಂ ಗುಂಪಿನ ಬ್ಯಾಕ್ಟೀರಿಯಾ. ದ್ವಿದಳ ಗಿಡಗಳು ಗಂಟಿನ ನೆರವಿನಿಂದ ಗಾಳಿಯ ಸಾರಜನಕ ಬಳಸುತ್ತವೆ ಎಂದು ಜರ್ಮನಿಯ ಹೆಲ್‌ರೀಗಲ್ 1886ರಲ್ಲಿ ತೋರಿಸಿದರು. ಎರಡು ವರ್ಷಕ್ಕೆ ನೆದರ್‌ಲ್ಯಾಂಡ್ಸಿನ ಬೈಯರಿಂಕ್ ಆ ಬ್ಯಾಕ್ಟೀರಿಯಾವನ್ನೇ ಬೇರ್ಪಡಿಸಿ ಬೆಳೆಸಿದರು.

ಗಾಳಿಯಲ್ಲಿ ಶೇ. 78 ಸಾರಜನಕವೇ. ಆದರೆ ಅದರ ಎರಡು ಪರಮಾಣುಗಳು ಒಂದನ್ನೊಂದು ಬಿಗಿಯಾಗಿ ಹಿಡಿದಿರುತ್ತವೆ. ಅದನ್ನು ಬಿಡಿಸಲು ಯೂರಿಯಾ ಕಾರ್ಖಾನೆಗೆ 400 ಡಿಗ್ರಿಗೂ ಜಾಸ್ತಿ ಶಾಖ ಬೇಕು, ಭಾರೀ ಒತ್ತಡವೂ ಬೇಕು. ಬ್ಯಾಕ್ಟೀರಿಯಾ ಅದೇ ಕೆಲಸವನ್ನು ಹೊಲದ ಮಣ್ಣಿನಲ್ಲೇ ನೈಟ್ರೋಜಿನೇಸ್ ಎಂಬ ಕಿಣ್ವದಿಂದ ಮುಗಿಸುತ್ತದೆ.

ಇಲ್ಲೊಂದು ಪೇಚಿದೆ. ಆಮ್ಲಜನಕ ತಾಗಿದರೆ ಈ ಕಿಣ್ವ ಕೆಟ್ಟುಹೋಗುತ್ತದೆ. ಹಾಗಂತ ಆಮ್ಲಜನಕ ಇಲ್ಲದೆಯೂ ನಡೆಯದು. ಒಂದೇ ಒಂದು ಸಾರಜನಕ ಅಣುವಿಗೆ ಕನಿಷ್ಠ 16 ಎಟಿಪಿ (ಜೀವಕೋಶದಲ್ಲಿ ಶಕ್ತಿ ಹೊತ್ತೊಯ್ಯುವ ಅಣು) ಅಣುಗಳಷ್ಟು ಶಕ್ತಿ ಬೇಕು, ಅಷ್ಟು ಶಕ್ತಿ ಬರಬೇಕಾದರೆ ಬ್ಯಾಕ್ಟೀರಿಯಾ ಉಸಿರಾಡಲೇಬೇಕು. ಬೇಕೂ ಬೇಕು, ಬರಲೂಬಾರದು! ಗಿಡ ಇದಕ್ಕೆ ಕಂಡುಕೊಂಡ ದಾರಿಯೇ ಆ ಕೆಂಪು. ಅದರ ಹೆಸರು ಲೆಗ್‌ಹಿಮೋಗ್ಲೋಬಿನ್, ನಮ್ಮ ರಕ್ತದ ಹಿಮೋಗ್ಲೋಬಿನ್ನಿನ ಸಂಬಂಧಿಯೇ. ಅದರಲ್ಲಿರುವ ಕಬ್ಬಿಣ ಆಮ್ಲಜನಕವನ್ನು ಹಿಡಿದಿಟ್ಟು, ಬ್ಯಾಕ್ಟೀರಿಯಾಕ್ಕೆ ಬೇಕಾದಷ್ಟನ್ನೇ ತಲುಪಿಸುತ್ತದೆ. ಕಿಣ್ವವನ್ನು ಕೆಡಿಸುವಷ್ಟು ಆಮ್ಲಜನಕ ಬಿಡಿಯಾಗಿ ಓಡಾಡುವುದಿಲ್ಲ. ಒಂದು ಹೆಸರಿನ ಗಿಡದೊಳಗೆ ಇಷ್ಟು ನಾಜೂಕಿನ ಲೆಕ್ಕ ನಡೆಯುತ್ತದೆ ಅನ್ನುವುದು ನನಗೆ ಇಂದಿಗೂ ಬೆರಗು.

ಬ್ಯಾಕ್ಟೀರಿಯಾ ಗಿಡ ಕೊಡುವ ಸಕ್ಕರೆ ತಿಂದು ಸಾರಜನಕ ಕೊಡದೆ ಸುಮ್ನೆ ಕೂತರೆ? ವಿಜ್ಞಾನಿಗಳು ಸೋಯಾಬೀನ್ ಮೇಲೆ ಇದನ್ನೇ ಪರೀಕ್ಷಿಸಿ 2003ರಲ್ಲಿ ಪ್ರಕಟಿಸಿದ್ದಾರೆ. ಗಂಟಿನ ಸುತ್ತಲಿನ ಗಾಳಿಯಿಂದ ಸಾರಜನಕ ತೆಗೆದು ಆರ್ಗಾನ್ ಎಂಬ ಬೇರೆ ಅನಿಲ ತುಂಬಿದರು. ಬ್ಯಾಕ್ಟೀರಿಯಾ ಒಳ್ಳೆಯದೇ, ಆದರೆ ಕೊಡಲು ಏನೂ ಇಲ್ಲ. ಅಂಥ ಕಡೆ ಅದರ ಸಂತಾನ ಸುಮಾರು ಅರ್ಧಕ್ಕೆ ಇಳಿಯಿತು. ಗಿಡ ಆ ಗಂಟಿಗೆ ಆಮ್ಲಜನಕ ಕಡಿಮೆ ಮಾಡಿರಬಹುದು ಅನ್ನುವುದಕ್ಕೂ ಸುಳಿವು ಸಿಕ್ಕಿತು.

ಗಿಡ ಇಷ್ಟೆಲ್ಲ ಖರ್ಚು ಮಾಡುವುದು ಮಣ್ಣಲ್ಲಿ ಸಾರಜನಕ ಸಾಲದಿದ್ದಾಗ ಮಾತ್ರ. ಯೂರಿಯಾ ಜಾಸ್ತಿ ಸುರಿದರೆ ಅದು ಗಂಟು ಕಟ್ಟುವುದನ್ನೇ ಕಡಿಮೆ ಮಾಡುತ್ತದೆ. ನಾವು ದುಡ್ಡು ಕೊಟ್ಟು ಗಂಟು ನಿಲ್ಲಿಸಿದಂತಾಯಿತು, ಅಲ್ವಾ? ಅದರ ಬದಲು ಬಿತ್ತುವ ಮೊದಲು ಬೀಜಕ್ಕೆ ಬೆಲ್ಲದ ನೀರು ಸವರಿ, ರೈಜೋಬಿಯಂ ಪುಡಿ ಹಚ್ಚಿ, ನೆರಳಲ್ಲಿ ಆರಿಸಿ. ಬಿಸಿಲಿಗೆ ಅದು ಸತ್ತುಹೋಗುತ್ತದೆ. ಪೊಟ್ಟಣದ ಮೇಲೆ ಬೆಳೆಯ ಹೆಸರು ನೋಡಿಯೇ ತನ್ನಿ, ಕಡಲೆಗೆ ಒಗ್ಗುವ ಬ್ಯಾಕ್ಟೀರಿಯಾ ಸೋಯಾಕ್ಕೆ ಗಂಟು ಕಟ್ಟುವುದಿಲ್ಲ.

ಇನ್ನೊಂದು ಮಾತು. ಹಿಡಿದ ಸಾರಜನಕದ ದೊಡ್ಡ ಪಾಲು ಕಾಳಿಗೇ ಹೋಗುತ್ತದೆ, ಕಾಳಿನ ಜೊತೆ ಮಾರುಕಟ್ಟೆಗೂ ಹೋಗುತ್ತದೆ. ಹೊಲಕ್ಕೆ ಉಳಿಯುವುದು ಎಲೆ, ಕಾಂಡ, ಬೇರಿನಲ್ಲಿ ಇರುವಷ್ಟೇ. ಗಿಡವನ್ನು ಬೇರುಸಮೇತ ಕಿತ್ತು ಕಣಕ್ಕೆ ಸಾಗಿಸಿದರೆ ಅದೂ ಹೋಯಿತು. ಕಾಯಿ ಬಿಡಿಸಿಕೊಂಡು ಗಿಡವನ್ನು ಅಲ್ಲೇ ಮಣ್ಣಿಗೆ ಸೇರಿಸಿದರೆ ಹಿಂಗಾರಿ ಜೋಳಕ್ಕೆ ಅದರ ಪಾಲು ಸಿಗುತ್ತದೆ.