ಮರ ನಮ್ಮದು, ಹಕ್ಕಿ ಎಲ್ಲರದು; ಖರ್ಚು ಯಾರದು?

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಶಿವರಾತ್ರಿಯ ಆಸುಪಾಸಿನಲ್ಲಿ ಹೋಗಿ ನೋಡಿ. ಮನೆ ಹಿತ್ತಲಿನ ಹುಣಸೆ ಮರ ಸುಣ್ಣ ಬಳಿದಂತೆ ಬೆಳ್ಳಗಿರುತ್ತದೆ. ಎಲೆ, ಕೊಂಬೆ, ಕಾಯಿ ಎಲ್ಲದರ ಮೇಲೂ ಹೆಜ್ಜಾರ್ಲೆ (ಪೆಲಿಕನ್) ಮತ್ತು ಬಣ್ಣದ ಕೊಕ್ಕರೆಗಳ ಹಿಕ್ಕೆ. ಹುಣಸೆ ಬಡಿಯುವ ಕಾಲವೂ ಅದೇ. ಬೇರೆ ಊರಲ್ಲಾದರೆ ಗಳು ಹಿಡಿದು ಮರ ಬಡಿಯುತ್ತಾರೆ, ಹಣ್ಣು ಬಿಡಿಸಿ ಬೀಜ ತೆಗೆಯುತ್ತಾರೆ, ಸಂತೆಗೆ ಸಾಗಿಸುತ್ತಾರೆ. ಇಲ್ಲಿ ಬಡಿದರೆ ಮೊಟ್ಟೆ, ಮರಿ ನೆಲಕ್ಕೆ ಬೀಳುತ್ತವೆ. ಹಾಗಾಗಿ ಗೂಡಿರುವ ಮರಕ್ಕೆ ಗಳು ಹಾಕುವುದಿಲ್ಲ.

ಊರಿನವರು ಈ ಹಕ್ಕಿಗಳನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಎನ್ನುತ್ತಾರೆ. ಸುಮ್ನೆ ಬಾಯಿಮಾತಿಗೆ ಹೇಳುವುದಲ್ಲ, ಹಾಗೇ ನೋಡಿಕೊಂಡಿದ್ದಾರೆ. ಆದರೆ ಬಾಣಂತನಕ್ಕೂ ಖರ್ಚಿದೆ ಅಲ್ವಾ? ಮರದ ಕೆಳಗೆ ಗುಂಡಿ ತೋಡಿ, ಕೆರೆ ಗೋಡು ಹಾಕಿ, ಬಿದ್ದ ಹಿಕ್ಕೆಯನ್ನು ಗೊಬ್ಬರ ಮಾಡಿಕೊಳ್ಳುತ್ತಾರೆ. ಅದರಿಂದ ಸ್ವಲ್ಪ ಆದಾಯವೇನೋ ಉಂಟು. ಹುಣಸೆಯ ನಷ್ಟವಂತೂ ಅದರಿಂದ ತುಂಬುವುದಿಲ್ಲ.

ಅರಣ್ಯಾಧಿಕಾರಿಯಾಗಿದ್ದ ಎಸ್.ಜಿ. ನೇಗಿನಹಾಳ ಅವರು 1976ರಲ್ಲಿ ಈ ಊರನ್ನು ಹೊರಜಗತ್ತಿನ ಗಮನಕ್ಕೆ ತಂದರು. ಆಮೇಲೆ ಗೂಡಿರುವ ಮರಗಳ ಮಾಲೀಕರಿಗೆ ಅರಣ್ಯ ಇಲಾಖೆ ಹಣ ಕೊಡುವ ಪದ್ಧತಿ ಬಂತು. 1994ರಲ್ಲಿ ಊರಿನ ಹುಡುಗರು ಸೇರಿ ಹೆಜ್ಜಾರ್ಲೆ ಬಳಗ ಕಟ್ಟಿದರು. ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ ಬಿಡುವುದು ಅವರ ಕೆಲಸವಾಯಿತು. 2007ರಲ್ಲಿ ಸುಮಾರು 3 ಚದರ ಕಿಲೋಮೀಟರ್ ಜಾಗ ಸಮುದಾಯ ಮೀಸಲು ಎಂದು ಘೋಷಣೆಯಾಯಿತು. ಜನರ ಜಮೀನು ಜನರ ಹೆಸರಲ್ಲೇ ಉಳಿಯಿತು. ಮರಕ್ಕೆಂದು ಇಲಾಖೆ ಕೊಡುವ ಹಣ ಕಡಿಮೆ, ಬರುವುದೂ ತಡ ಎಂಬ ದೂರು ಊರಲ್ಲಿ ಹಳೆಯದು. ಆದರೂ ಒಂದು ವಿಷಯ ಅಲ್ಲಿ ಒಪ್ಪಿತವಾಗಿದೆ: ಹಕ್ಕಿ ಎಲ್ಲರದು, ನಷ್ಟ ಮಾತ್ರ ಮರದವನೊಬ್ಬನದಾಗಬಾರದು.

ಇದೇ ರಾಜ್ಯದ ಪಶ್ಚಿಮದ ಹತ್ತು ಜಿಲ್ಲೆಗಳಲ್ಲಿ ಈ ಸರಳ ಮಾತು ಇನ್ನೂ ಒಪ್ಪಿತವಾಗಿಲ್ಲ. ಮಲೆನಾಡಿನಲ್ಲಿ ‘ಕಸ್ತೂರಿರಂಗನ್ ವರದಿ’, ಅಂದರೆ ಪಶ್ಚಿಮ ಘಟ್ಟದ ಸೂಕ್ಷ್ಮ ಜಾಗಗಳನ್ನು ಗುರುತಿಸಿದ ವರದಿ, ಎಂದರೆ ಸಾಕು, ಸಭೆ ಬಿಸಿಯಾಗುತ್ತದೆ. ಯಾಕೆ ಹೀಗಾಯಿತು ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಕಾನೂನಿನಲ್ಲಿ ಎರಡು ಬೇರೆ ಬೇರೆ ಸಂಗತಿಗಳಿವೆ. ಒಂದು, ಸರ್ಕಾರ ನಿಮ್ಮ ಜಮೀನನ್ನೇ ತೆಗೆದುಕೊಳ್ಳುವುದು. ಇನ್ನೊಂದು, ಜಮೀನು ನಿಮ್ಮ ಹತ್ತಿರವೇ ಬಿಟ್ಟು ಅದರಲ್ಲಿ ಏನು ಮಾಡಬಾರದು ಎಂದು ಹೇಳುವುದು. ಮೊದಲನೆಯದಕ್ಕೆ ಪರಿಹಾರ ಉಂಟು. 1978ರಲ್ಲಿ ಸಂವಿಧಾನಕ್ಕೆ ಆದ 44ನೇ ತಿದ್ದುಪಡಿ ಆಸ್ತಿಯ ಹಕ್ಕನ್ನು ಮೂಲಭೂತ ಹಕ್ಕುಗಳ ಪಟ್ಟಿಯಿಂದ ತೆಗೆದು 300ಎ ವಿಧಿಗೆ ಇಳಿಸಿತು, ನಿಜ. ಆದರೆ 2011ರಲ್ಲಿ ಬೆಂಗಳೂರಿನ ಕನಕಪುರ ರಸ್ತೆಯ ತಾತಗುಣಿ ಎಸ್ಟೇಟ್, ಅಂದರೆ ಚಿತ್ರಕಲಾವಿದ ರೋರಿಚ್ ಮತ್ತು ಚಿತ್ರನಟಿ ದೇವಿಕಾ ರಾಣಿ ದಂಪತಿಯ ತೋಟದ ಪ್ರಕರಣದಲ್ಲಿ, ಪರಿಹಾರ ಕೇಳುವ ಹಕ್ಕು 300ಎ ವಿಧಿಯೊಳಗೇ ಅಡಗಿದೆ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿತು. 1972ರ ವನ್ಯಜೀವಿ ಕಾಯ್ದೆಯಲ್ಲೂ ಅಭಯಾರಣ್ಯ ಘೋಷಿಸುವಾಗ ಒಳಗಿರುವವರ ಹಕ್ಕುಗಳನ್ನು ವಿಚಾರಣೆ ಮಾಡಿ ಇತ್ಯರ್ಥ ಮಾಡುವ ದಾರಿ ಇದೆ.

ಎರಡನೆಯದಕ್ಕೆ ಅಂಥ ದಾರಿ ಇಲ್ಲ. ಪರಿಸರ ಸೂಕ್ಷ್ಮ ಪ್ರದೇಶಗಳನ್ನು ಘೋಷಿಸುವುದು 1986ರ ಪರಿಸರ ಸಂರಕ್ಷಣಾ ಕಾಯ್ದೆಯಡಿ. ಆ ಕಾಯ್ದೆಯಲ್ಲಿ ನಿರ್ಬಂಧ ಹಾಕುವ ಅಧಿಕಾರವಿದೆ, ನಿರ್ಬಂಧಕ್ಕೆ ಒಳಗಾದವರಿಗೆ ಪರಿಹಾರ ಕೊಡುವ ಕಲಂ ಇಲ್ಲ. ಪಹಣಿಯಲ್ಲಿ ಹೆಸರು ನಿಮ್ಮದೇ. ಕಂದಾಯ ಕಟ್ಟುವವರೂ ನೀವೇ. ಕೈ ಮಾತ್ರ ಕಟ್ಟಿರುತ್ತದೆ.

ಈ ಕಗ್ಗಂಟು ನಮ್ಮದೊಂದೇ ಅಲ್ಲ. ನಿರ್ಬಂಧ ಅತಿಯಾದರೆ ಅದು ಆಸ್ತಿ ಕಿತ್ತುಕೊಂಡದ್ದಕ್ಕೆ ಸಮ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1922ರಲ್ಲೇ ಹೇಳಿತ್ತು. ಎಷ್ಟಾದರೆ ಅತಿ ಎಂಬ ಜಗಳ ಅಲ್ಲಿ ಇವತ್ತಿಗೂ ಮುಗಿದಿಲ್ಲ.

ನನಗೆ ಹೆಚ್ಚು ಪಾಠ ಕಾಣುವುದು ಇಂಗ್ಲೆಂಡಿನ ಕಥೆಯಲ್ಲಿ. ನಾರ್ಫೋಕ್ ಪ್ರಾಂತ್ಯದಲ್ಲಿ ಹಾಲ್ವರ್‌ಗೇಟ್ ಎಂಬ ಜೌಗು ಹುಲ್ಲುಗಾವಲಿದೆ. ದನ ಮೇಯುವ, ನೀರಹಕ್ಕಿಗಳು ಇಳಿಯುವ ಜಾಗ. 1980ರ ದಶಕದಲ್ಲಿ ಗೋಧಿಗೆ ಒಳ್ಳೆಯ ಬೆಂಬಲ ಬೆಲೆ ಇತ್ತು. ರೈತರು ನೀರು ಬಸಿದು ಉಳಲು ಹೊರಟರು. 1981ರ ಅಲ್ಲಿನ ವನ್ಯಜೀವಿ ಕಾಯ್ದೆಯ ಪ್ರಕಾರ ಉಳುಮೆ ತಡೆಯಬೇಕೆಂದರೆ, ಉತ್ತಿದ್ದರೆ ಸಿಗುತ್ತಿದ್ದ ಲಾಭವನ್ನೇ ಲೆಕ್ಕ ಹಾಕಿ ಕೊಡಬೇಕಿತ್ತು. ಅದು ಬಲು ದುಬಾರಿ. ಹಾಳು ಮಾಡುತ್ತೇನೆ ಎಂದು ಹೊರಟವನಿಗೆ ದುಡ್ಡು, ಮೊದಲಿನಿಂದಲೂ ಉಳಿಸಿಕೊಂಡು ಬಂದವನಿಗೆ ಏನೂ ಇಲ್ಲ. ಇದು ಯಾವ ನ್ಯಾಯ?

1985ರಲ್ಲಿ ದಾರಿ ಬದಲಾಯಿತು. ಹುಲ್ಲುಗಾವಲನ್ನು ಹುಲ್ಲುಗಾವಲಾಗಿಯೇ ಇಟ್ಟು ದನ ಮೇಯಿಸುವ ಯಾವ ರೈತನಿಗಾದರೂ ವರ್ಷಕ್ಕೆ ಎಕರೆಗೆ 50 ಪೌಂಡ್ ಎಂದು ಗೊತ್ತು ಮಾಡಿದರು. ಬೆದರಿಕೆ ಹಾಕಬೇಕಿಲ್ಲ, ಕೋರ್ಟಿಗೆ ಹೋಗಬೇಕಿಲ್ಲ. ಸುಮ್ಮನಿರುವುದಕ್ಕಲ್ಲ, ನೋಡಿಕೊಳ್ಳುವುದಕ್ಕೆ ಹಣ. ಈ ಪ್ರಯೋಗದಿಂದಲೇ 1986ರ ಅಲ್ಲಿನ ಕೃಷಿ ಕಾಯ್ದೆಯಲ್ಲಿ ಹೊಸದೊಂದು ವರ್ಗ ಹುಟ್ಟಿತು. ಅದರ ಹೆಸರು ‘ಪರಿಸರ ಸೂಕ್ಷ್ಮ ಪ್ರದೇಶ’. ನಮ್ಮಲ್ಲಿ ಯಾವ ಹೆಸರು ಕೇಳಿದರೆ ಜನ ಗಾಬರಿಯಾಗುತ್ತಾರೋ, ಅಲ್ಲಿ ಅದೇ ಹೆಸರಿನ ಅರ್ಥ ರೈತನಿಗೆ ಹಣ ಬರುವ ಜಾಗ ಎಂದು.

ಕೇರಳ ಇದಕ್ಕೆ ಪೂರ್ತಿ ಉಲ್ಟಾ ಹೋಯಿತು. ಅಲ್ಲಿನ 2003ರ ಕಾಯ್ದೆ ಅರಣ್ಯದಂತಿರುವ ಸೂಕ್ಷ್ಮ ಖಾಸಗಿ ಭೂಮಿಯನ್ನು ಪರಿಹಾರವಿಲ್ಲದೆ ಸರ್ಕಾರದ ವಶಕ್ಕೆ ತಂದಿತು. ವ್ಯಾಜ್ಯದ ಮೇಲೆ ವ್ಯಾಜ್ಯ ಬೆಳೆಯಿತು. ಕಾಡುಮರ ಉಳಿಸಿಕೊಂಡರೆ ಜಮೀನೇ ಹೋಗುತ್ತದೆ ಎಂದು ಒಬ್ಬ ಕೃಷಿಕನಿಗೆ ಅನ್ನಿಸಿಬಿಟ್ಟರೆ ಅವನು ಏನು ಮಾಡುತ್ತಾನೆ, ಹೇಳಿ?

ಈಗ ನಮ್ಮ ಘಟ್ಟಕ್ಕೆ ಬರೋಣ. 2010ರಲ್ಲಿ ಪಶ್ಚಿಮ ಘಟ್ಟದ ಪರಿಸರದ ಬಗ್ಗೆ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಸಮಿತಿ ರಚನೆಯಾಯಿತು, 2011ರಲ್ಲಿ ವರದಿ ಕೊಟ್ಟಿತು. ಆ ವರದಿಯ ನಿರ್ಬಂಧಗಳ ಬಗ್ಗೆ ಎಲ್ಲರೂ ಮಾತಾಡಿದರು. ಅದರಲ್ಲೇ ಇದ್ದ ಇನ್ನೊಂದು ಮಾತು ಕೇಳಿಸಿಕೊಂಡವರು ಕಡಿಮೆ. ಸ್ಥಳೀಯ ಮರಗಿಡ ಉಳಿಸಿಕೊಂಡ, ದೇವರಕಾಡು ಕಾಪಾಡಿದ, ಮಣ್ಣಿನಲ್ಲಿ ಇಂಗಾಲ ಹೆಚ್ಚಿಸಿದ ಜನರಿಗೆ ಸೇವಾ ಶುಲ್ಕದ ಹಾಗೆ ಹಣ ಕೊಡಿ ಎಂದು ಅದು ಹೇಳಿತ್ತು. ‘ಪರಿಹಾರ’ ಎಂಬ ಪದಕ್ಕಿಂತ ಇದು ಮೇಲು ಎಂದು ನನ್ನ ಅನಿಸಿಕೆ. ಪರಿಹಾರ ಎಂದರೆ ಕೈ ಚಾಚಿದಂತೆ. ಶುಲ್ಕ ಎಂದರೆ ಮಾಡಿದ ಕೆಲಸಕ್ಕೆ ಸಂದದ್ದು.

2013ರಲ್ಲಿ ಕೆ. ಕಸ್ತೂರಿರಂಗನ್ ನೇತೃತ್ವದ ತಂಡ ಇನ್ನೊಂದು ವರದಿ ಕೊಟ್ಟಿತು. ಸುಮಾರು 60 ಸಾವಿರ ಚದರ ಕಿ.ಮೀ. ಸೂಕ್ಷ್ಮ ಎಂದು ಗುರುತಿಸಿತು. ಅದರಲ್ಲಿ ಕರ್ನಾಟಕದ ಪಾಲು 20,668 ಚದರ ಕಿ.ಮೀ. ಘಟ್ಟದ ಆರೂ ರಾಜ್ಯಗಳಲ್ಲಿ ಇದೇ ಜಾಸ್ತಿ. ಘಟ್ಟದ ಅಭಿವೃದ್ಧಿಗೆ ಪ್ರತ್ಯೇಕ ನಿಧಿ ಬೇಕು ಎಂದೂ ಹೇಳಿತು. ಆಮೇಲೆ 2014ರ ಮಾರ್ಚ್‌ನಿಂದ 2024ರ ಜುಲೈವರೆಗೆ ಕೇಂದ್ರ ಆರು ಸಲ ಕರಡು ಅಧಿಸೂಚನೆ ಹೊರಡಿಸಿತು. ಆರನೆಯದು ಬಂದದ್ದು ವಯನಾಡಿನಲ್ಲಿ ಗುಡ್ಡ ಕುಸಿದ ಮರುದಿನ. ವರದಿಗಳಲ್ಲಿದ್ದ ನಿರ್ಬಂಧ ಕರಡಿಗೆ ಬಂತು. ರೈತನ ಕೈಗೆ ಸೇರಬೇಕಿದ್ದ ಹಣದ ಮಾತು ಬರಲಿಲ್ಲ.

ಕರಡಿನಲ್ಲಿ ಇರುವುದನ್ನು ನೇರವಾಗಿ ಹೇಳಬೇಕು. ಅದು ಗಣಿ, ಕಲ್ಲುಕ್ವಾರಿ, ಮರಳು ತೆಗೆಯುವುದು, ಹೊಸ ಉಷ್ಣ ವಿದ್ಯುತ್ ಸ್ಥಾವರ, ಕೆಂಪು ವರ್ಗದ (ಅಂದರೆ ಹೆಚ್ಚು ಮಾಲಿನ್ಯ ಮಾಡುವ) ಕೈಗಾರಿಕೆ, 20 ಸಾವಿರ ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ಕಟ್ಟಡಗಳನ್ನು ತಡೆಯುತ್ತದೆ. ಅಡಿಕೆ ತೋಟವನ್ನಾಗಲಿ ಕಾಫಿ ತೋಟವನ್ನಾಗಲಿ ಮುಟ್ಟುವುದಿಲ್ಲ. ಒಕ್ಕಲೆಬ್ಬಿಸುತ್ತಾರೆ ಎಂಬ ಪ್ರಚಾರ ನಿಜವಲ್ಲ. 2018ರಲ್ಲಿ ಕೊಡಗಿನ ಗುಡ್ಡಗಳು ಜಾರಿದ್ದನ್ನು ಕಂಡ ಮೇಲೆ ಈ ನಿರ್ಬಂಧಗಳು ಬೇಡ ಎನ್ನಲು ನನಗಂತೂ ಮನಸ್ಸು ಬರುವುದಿಲ್ಲ. ಕ್ವಾರಿ ಮಾಲೀಕನಿಗೆ ನಷ್ಟ ತುಂಬಿಕೊಡಿ ಎಂದೂ ನಾನು ಕೇಳುತ್ತಿಲ್ಲ. ಗುಡ್ಡ ಕೆಳಗಿನ ಮನೆಯ ಮೇಲೆ ಬೀಳದಂತೆ ನೋಡಿಕೊಳ್ಳುವುದು ಯಾರಿಗೂ ಮಾಡುವ ಉಪಕಾರವಲ್ಲ.

ನನ್ನ ಮಾತು ಇನ್ನೊಬ್ಬ ರೈತನ ಬಗ್ಗೆ. ಕಾಫಿ ತೋಟದ ನೆರಳಿಗೆ ಅವನ ಮುಂದೆ ಎರಡು ಆಯ್ಕೆ ಇವೆ. ಒಂದು ಹೊನ್ನೆ, ನಂದಿಯಂಥ ಕಾಡುಮರ. ಹಕ್ಕಿಗೆ ಗೂಡು, ಜೇನಿಗೆ ಹೂವು, ಮಣ್ಣಿಗೆ ಎಲೆ. ಆದರೆ ಒಂದು ಮರ ಕಡಿಯಬೇಕೆಂದರೆ ಕಚೇರಿ ಅಲೆಯಬೇಕು. ಇನ್ನೊಂದು ಸಿಲ್ವರ್ ಓಕ್. ಆಸ್ಟ್ರೇಲಿಯಾದಿಂದ ಬಂದದ್ದು, ಬೇಗ ಬೆಳೆಯುತ್ತದೆ, ಮೆಣಸು ಹಬ್ಬುತ್ತದೆ, 1976ರ ಮರ ಸಂರಕ್ಷಣಾ ಕಾಯ್ದೆಯಿಂದ ವಿನಾಯಿತಿಯೂ ಇದೆ. ಅವನು ಯಾವುದನ್ನು ನೆಡುತ್ತಾನೆ? ತೋಟಗಳಲ್ಲಿ ಸಾಲಾಗಿ ನಿಂತ ಸಿಲ್ವರ್ ಓಕ್ ನೋಡಿದರೆ ಗೊತ್ತಾಗುತ್ತದೆ. ಕಾಡುಮರ ಉಳಿಸಿದವನಿಗೆ ತೊಂದರೆ, ತೆಗೆದವನಿಗೆ ಅನುಕೂಲ. ಇದು ತಿರುಗುಮುರುಗಾಗಬೇಕು.

ಹಣ ಎಲ್ಲಿಂದ ತರುವುದು ಎಂದು ಕೇಳಬಹುದು. 14ನೇ ಹಣಕಾಸು ಆಯೋಗ ಕೇಂದ್ರದ ತೆರಿಗೆಯನ್ನು ರಾಜ್ಯಗಳಿಗೆ ಹಂಚುವ ಲೆಕ್ಕದಲ್ಲಿ ಅರಣ್ಯಕ್ಕೆ ಶೇ 7.5ರಷ್ಟು ಮಹತ್ವ ಕೊಟ್ಟಿತು. 15ನೇ ಆಯೋಗ ಅದನ್ನು ಶೇ 10ಕ್ಕೆ ಏರಿಸಿತು. ಅಂದರೆ ಕಾಡು ಉಳಿಸಿಕೊಂಡ ರಾಜ್ಯಕ್ಕೆ ಅದರ ಲೆಕ್ಕದಲ್ಲಿ ಹಣ ಬರುತ್ತದೆ ಎಂಬ ತತ್ವವನ್ನು ದೇಶ ಒಪ್ಪಿದೆ. ಆ ಲೆಕ್ಕ ರಾಜ್ಯದ ಖಜಾನೆಗೆ ಬಂದು ನಿಲ್ಲುತ್ತದೆ, ತೋಟದ ಬೇಲಿಯವರೆಗೆ ಹೋಗುವುದಿಲ್ಲ.

2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತು. ಮುಂದೆ ಬರುವ ಅಧಿಸೂಚನೆಯಲ್ಲಿ ಊರುಗಳ ಹೆಸರಿನ ಪಟ್ಟಿ ಹೇಗೂ ಇರುತ್ತದೆ. ಅದರ ಪಕ್ಕದಲ್ಲೇ ಇನ್ನೊಂದು ಪಟ್ಟಿ ಬೇಕು. ಕಾಡುಮರ ಉಳಿಸಿಕೊಂಡ ತೋಟಕ್ಕೆ ಎಕರೆಗೆ ವರ್ಷಕ್ಕೆ ಎಷ್ಟು ರೂಪಾಯಿ, ಮರ ಎಣಿಸುವವರು ಯಾರು, ಗ್ರಾಮಸಭೆಯ ಪಾತ್ರವೇನು, ಯಾವ ತಿಂಗಳು ಹಣ ಖಾತೆಗೆ ಬರುತ್ತದೆ. ಇಷ್ಟನ್ನು ಕನ್ನಡದಲ್ಲಿ ಬರೆದು ಪಂಚಾಯಿತಿಯ ಗೋಡೆಗೆ ಅಂಟಿಸಿ, ಆಮೇಲೆ ಆಕ್ಷೇಪಣೆ ಕೇಳಲಿ.