ಓಪನ್‌ಟೂನ್ಜ್‌ನಲ್ಲಿ ಬಣ್ಣ ತುಂಬುವಿಕೆ: ಅಧ್ಯಯನ ಟಿಪ್ಪಣಿ

ಆನಿಮೇಷನ್ ಎಂದರೆ ಸೆಕೆಂಡಿಗೆ 24 ಫ್ರೇಮ್. ಒಂದೊಂದು ಚಿತ್ರವನ್ನು ಎರಡೆರಡು ಫ್ರೇಮ್ ನಿಲ್ಲಿಸಿದರೂ ಹತ್ತು ಸೆಕೆಂಡಿನ ಶಾಟ್‌ಗೆ 120 ಚಿತ್ರ ಬೇಕು. ಪ್ರತಿಯೊಂದರಲ್ಲೂ ಕೂದಲು, ಮುಖ, ಅಂಗಿ, ನೆರಳು ಎಂದು ಹತ್ತು ಜಾಗ ಹಿಡಿದರೆ 1,200 ಸಲ ಬಣ್ಣ ತುಂಬಬೇಕಾಗುತ್ತದೆ. ಅಭ್ಯಾಸಕ್ಕೆ ಓಪನ್‌ಟೂನ್ಜ್ ಎಂಬ ಆನಿಮೇಷನ್ ತಂತ್ರಾಂಶ ಒಳ್ಳೆಯದು. ಇಟಲಿಯಲ್ಲಿ ಹುಟ್ಟಿ, ಜಪಾನಿನ ಆನಿಮೇಷನ್ ಸಂಸ್ಥೆ ಸ್ಟುಡಿಯೋ ಘಿಬ್ಲಿಯಲ್ಲಿ ಪಳಗಿದ ಟೂನ್ಜ್ ತಂತ್ರಾಂಶವೇ 2016ರಲ್ಲಿ ಈ ಹೆಸರಿನಿಂದ, ಮೂಲ ಕೋಡ್ ಸಮೇತ, ಎಲ್ಲರಿಗೂ ಮುಕ್ತವಾಯಿತು.

ಇದರ ಜೀವಾಳ ಪ್ಯಾಲೆಟ್, ಅಂದರೆ ಬಣ್ಣಗಳ ಪಟ್ಟಿ. ಪಟ್ಟಿಯಲ್ಲಿ ಸಂಖ್ಯೆ ಹೊತ್ತ ಒಂದೊಂದು ಬಣ್ಣವೂ ಒಂದು ಸ್ಟೈಲ್. ಟೂನ್ಜ್ ರಾಸ್ಟರ್ ಎಂಬ ಬಗೆಯ ಚಿತ್ರದ ಪಿಕ್ಸೆಲ್‌ನಲ್ಲಿ (ಚಿತ್ರದ ಅತಿ ಸಣ್ಣ ಚುಕ್ಕಿಯಲ್ಲಿ) ಬಣ್ಣ ಇರುವುದೇ ಇಲ್ಲ. ಗೆರೆಯ ಸ್ಟೈಲ್ ಸಂಖ್ಯೆ, ಒಳಗಿನ ಬಣ್ಣದ ಸ್ಟೈಲ್ ಸಂಖ್ಯೆ, ಇವೆರಡೂ ಎಷ್ಟೆಷ್ಟು ಬೆರೆಯಬೇಕೆಂಬ ಪ್ರಮಾಣ, ಇಷ್ಟೇ. ಅಂಗಿಗೆ 5ನೇ ಸ್ಟೈಲ್ ಕೊಟ್ಟಿದ್ದರೆ, ಪ್ಯಾಲೆಟ್‌ನಲ್ಲಿ ಆ 5ನ್ನು ನೀಲಿ ಮಾಡಿದ ಕೂಡಲೇ 120 ಚಿತ್ರಗಳಲ್ಲೂ ಅಂಗಿ ನೀಲಿಯಾಗುತ್ತದೆ. ಹಗಲಿನ ದೃಶ್ಯವನ್ನು ರಾತ್ರಿ ಮಾಡುವುದೂ ಹೀಗೆಯೇ. ಆದ್ದರಿಂದ ಅಂಗಿ, ಟೋಪಿ ಎರಡೂ ಈಗ ಒಂದೇ ಕೆಂಪು ಎಂದು ಒಂದೇ ಸ್ಟೈಲ್ ಹಂಚಬೇಡಿ. ನಾಳೆ ಟೋಪಿಯ ಬಣ್ಣ ಮಾತ್ರ ಬದಲಾಗಬೇಕೆಂದರೆ ಪ್ರತಿ ಚಿತ್ರಕ್ಕೂ ಮತ್ತೆ ಕೈ ಹಾಕಬೇಕಾಗುತ್ತದೆ.

ಶ್ರಮ ಉಳಿಸುವುದು ಬಣ್ಣ ತುಂಬುವ ಸಾಧನವಾದ ಫಿಲ್ ಟೂಲ್‌ನ ಫ್ರೇಮ್ ರೇಂಜ್ ಆಯ್ಕೆ. ಮೊದಲ ಚಿತ್ರದಲ್ಲಿ ತೋಳಿನ ಮೇಲೆ ಕ್ಲಿಕ್ ಮಾಡಿ, ಕೊನೆಯ ಚಿತ್ರಕ್ಕೆ ಹೋಗಿ ಅದೇ ತೋಳಿನ ಮೇಲೆ ಕ್ಲಿಕ್ ಮಾಡಿದರೆ ನಡುವಿನ ಚಿತ್ರಗಳು ತಾವೇ ತುಂಬಿಕೊಳ್ಳುತ್ತವೆ. ಎಡವಟ್ಟಾಗುವುದೂ ಇಲ್ಲೇ. ತಂತ್ರಾಂಶ ಎರಡು ಕ್ಲಿಕ್‌ಗಳ ನಡುವೆ ನೇರ ಗೆರೆಯಲ್ಲಿ ಸಾಗುತ್ತದೆ, ಬೀಸುವ ತೋಳಾದರೋ ಕಮಾನಿನಂತೆ ಸಾಗುತ್ತದೆ. ಮಧ್ಯದ ಚಿತ್ರಗಳಲ್ಲಿ ಆ ಬಿಂದು ತೋಳು ಬಿಟ್ಟು ಅಂಗಿಯ ಮೇಲೆ ಬಿದ್ದು, ಅಂಗಿಗೆ ಚರ್ಮದ ಬಣ್ಣ ಬರುತ್ತದೆ. ಚಲನೆ ತಿರುಗುವ ಚಿತ್ರದಲ್ಲಿ ಸರಣಿಯನ್ನು ತುಂಡರಿಸಿ, ಎರಡು ಕಂತಿನಲ್ಲಿ ತುಂಬಿ. ಜೊತೆಗೆ ಸೆಲೆಕ್ಟಿವ್ ಆಯ್ಕೆ ಹಾಕಿಕೊಂಡರೆ ಈಗಾಗಲೇ ತುಂಬಿದ ಜಾಗ ಕೆಡುವುದಿಲ್ಲ.

ಇನ್ನು ಸೋರಿಕೆ. ಗೆರೆ ಕೂಡದೆ ಬಿಟ್ಟ ಸಣ್ಣ ಸಂದಿನಿಂದ ಬಣ್ಣ ಹೊರಗೆ ಹರಿಯುತ್ತದೆ. ಕೂದಲಿನ ತುದಿ, ಬೆರಳ ಸಂದು, ಕಾಲರ್ ಮೂಲೆಗಳನ್ನು ಮೊದಲು ನೋಡಿ. ಗ್ಯಾಪ್ ಚೆಕ್ ಹಾಕಿದರೆ ಇಂಥ ಸಂದುಗಳು ಎದ್ದು ಕಾಣುತ್ತವೆ. ಅಲ್ಲಿ ಕಪ್ಪು ಗೆರೆ ಬೇಡವೆಂದರೆ ತುಂಬಬೇಕಾದ ಬಣ್ಣದ ಸ್ಟೈಲ್‌ನಲ್ಲೇ ಗೆರೆ ಎಳೆದು ಮುಚ್ಚಿ. ತುಂಬಿದ ಮೇಲೆ ಅದು ಬಣ್ಣದಲ್ಲೇ ಬೆರೆತುಹೋಗುತ್ತದೆ.

ತಪಾಸಣೆಯಲ್ಲಿ ಹೆಚ್ಚಾಗಿ ಕಣ್ತಪ್ಪುವುದು ಕಣ್ಣಿನ ಬಿಳಿ ಮತ್ತು ಹಲ್ಲು. ಬಿಳಿ ಹಿನ್ನೆಲೆಯಲ್ಲಿ ತುಂಬದ ಜಾಗವೂ ಬಿಳಿಯಾಗಿಯೇ ಕಾಣುತ್ತದೆ. ಹಿಂದೆ ಕಡುಹಸಿರು ಹಿನ್ನೆಲೆ ಇಟ್ಟು ಒಂದೊಂದೇ ಫ್ರೇಮ್ ಸರಿಸಿ ನೋಡಿ. ಬಿಟ್ಟುಹೋದ ಕಣ್ಣು ಹಸಿರಾಗಿ ಸಿಕ್ಕಿಬೀಳುತ್ತದೆ.