ಬಾವಿ ಹಗ್ಗಕ್ಕೆ ಗೊತ್ತಿದ್ದ ಲೆಕ್ಕ

ಕುಮಟಾ ಹತ್ತಿರದ ನಮ್ಮ ಮನೆಯಲ್ಲಿ ಬಾವಿ ಹಗ್ಗಕ್ಕೆ ಮಾರಿಗೊಂದು ಗಂಟು ಹಾಕುವ ರೂಢಿ ಇತ್ತು. ಮಳೆಗಾಲದಲ್ಲಿ ಒಂದೂವರೆ ಮಾರು ಹಗ್ಗ ಸಾಕು, ಕೊಡಪಾನ ಗುಳುಂ ಅಂತ ಮುಳುಗುತ್ತಿತ್ತು. ಶಿವರಾತ್ರಿ ಕಳೆದ ಮೇಲೆ ಹಗ್ಗ ಇನ್ನಷ್ಟು ಕೆಳಗಿಳಿಯುತ್ತಿತ್ತು. ನಾಲ್ಕನೇ ಗಂಟು ಗಡಗಡೆ ದಾಟಿತೆಂದರೆ ಆಯಿ ಬಟ್ಟೆ ಒಗೆಯಲು ಹಳ್ಳಕ್ಕೇ ಹೊರಡುತ್ತಿದ್ದಳು. ಬಾವಿ ನೀರು ಕುಡಿಯಲು, ಅಡುಗೆಗೆ ಮಾತ್ರ.

ಆಮೇಲೆ ಪಂಪು ಬಂತು. ಕೈ ನೋವು ಹೋಯಿತು, ಅದು ನಿಜಕ್ಕೂ ದೊಡ್ಡ ಸುಖ. ಆದರೆ ನೀರು ಎಷ್ಟು ಕೆಳಗಿದೆ ಎಂದು ಸ್ವಿಚ್ಚು ಹೇಳುವುದಿಲ್ಲ.

ಇಡೀ ದೇಶದ ಕಥೆಯೂ ಹೆಚ್ಚುಕಮ್ಮಿ ಇದೇ. 1951ರಲ್ಲಿ ಭಾರತದಲ್ಲಿ ಒಬ್ಬರ ಪಾಲಿಗೆ ವರ್ಷಕ್ಕೆ 5,177 ಘನ ಮೀಟರ್ ನೀರಿತ್ತು. 2011ಕ್ಕೆ ಅದು 1,545 ಆಯಿತು. 1,700ಕ್ಕಿಂತ ಇಳಿದರೆ ನೀರಿನ ಒತ್ತಡ, ಅಂದರೆ ನೀರಿಗೆ ತಾಪತ್ರಯ ಶುರು ಎನ್ನುತ್ತಾರೆ. ಮಳೆ ಮೂರನೇ ಒಂದು ಪಾಲಿಗೆ ಇಳಿದದ್ದಲ್ಲ. 36 ಕೋಟಿ ಇದ್ದ ಜನ 121 ಕೋಟಿ ಆದರು. ಬಳಸುವ ನೀರಿನಲ್ಲಿ ಶೇಕಡಾ 80ಕ್ಕಿಂತ ಜಾಸ್ತಿ ಹೊಲ ಗದ್ದೆಗೇ ಹೋಗುತ್ತದೆ. ಹಿಂದೆ ಅದಕ್ಕೆ ಕೆರೆ, ಕಾಲುವೆ ಮುಖ್ಯ. ಈಗ ಹೆಚ್ಚಿನದು ಬಾವಿ, ಬೋರ್‌ವೆಲ್‌ಗಳಿಂದ. ಜಗತ್ತಿನಲ್ಲಿ ಮೇಲೆತ್ತುವ ಅಂತರ್ಜಲದಲ್ಲಿ ಸುಮಾರು ಕಾಲು ಭಾಗ ನಮ್ಮದೇ.

ಕಾರವಾರದ ಕಡೆ ವರ್ಷಕ್ಕೆ 3,000 ಮಿಲಿಮೀಟರ್ ಆಸುಪಾಸು ಮಳೆ. ಆದರೂ ಏಪ್ರಿಲ್ ಬಂತೆಂದರೆ ಟ್ಯಾಂಕರ್ ಕಾಯುವ ಊರುಗಳಿವೆ ಅಲ್ವಾ? ಮಳೆಯ ಬಹುಪಾಲು ನಾಲ್ಕೇ ತಿಂಗಳಲ್ಲಿ ಸುರಿಯುತ್ತದೆ. ನಮ್ಮ ಕೆಂಪು ಜಂಬಿಟ್ಟಿಗೆ ನೆಲ ತೂತು ತೂತು. ಬೇಗ ಕುಡಿಯುತ್ತದೆ, ಅಷ್ಟೇ ಬೇಗ ಹಳ್ಳಕ್ಕೆ, ಕಡಲಿಗೆ ಬಿಟ್ಟುಕೊಡುತ್ತದೆ. ಶಿರಸಿ ಕಡೆಯ ಹಳೆ ಮನೆಗಳಲ್ಲಿ ಗುಡ್ಡದ ಒರತೆ ನೀರನ್ನು ಅಡಿಕೆ ದಬ್ಬೆಯಲ್ಲಿ ಮನೆ ಬಾಗಿಲಿಗೇ ತರುತ್ತಿದ್ದರು. ಒರತೆ ಕೊಟ್ಟಷ್ಟೇ ಬಳಕೆ.

ಕಡಲಂಚಿನ ಬಾವಿಗೆ ಇನ್ನೊಂದು ಕಟ್ಟುಪಾಡಿದೆ. ನೆಲದಡಿಯಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತದೆ, ಏಕೆಂದರೆ ಉಪ್ಪುನೀರು ನೂರಕ್ಕೆ ಎರಡೂವರೆಯಷ್ಟು ಹೆಚ್ಚು ಭಾರ. ಸಮುದ್ರಮಟ್ಟಕ್ಕಿಂತ ಒಂದು ಅಡಿ ಮೇಲೆ ಸಿಹಿನೀರು ನಿಂತಿದ್ದರೆ ಅದರ ಕೆಳಗೆ ಸುಮಾರು 40 ಅಡಿ ಸಿಹಿನೀರು ಇರುತ್ತದೆ. ನೂರು ವರ್ಷಕ್ಕೂ ಹಿಂದೆ ಯುರೋಪಿನ ಕಡಲತೀರದಲ್ಲಿ ಗೈಬೆನ್ ಮತ್ತು ಹೆರ್ಜ್‌ಬರ್ಗ್ ಎಂಬ ಇಬ್ಬರು ಬೇರೆ ಬೇರೆಯಾಗಿ ಕಂಡುಕೊಂಡ ಲೆಕ್ಕ ಇದು. ಇದನ್ನು ತಿರುಗಿಸಿ ನೋಡಿ. ಪಂಪು ಹಾಕಿ ನೀರಿನ ಮಟ್ಟ ಒಂದು ಅಡಿ ಇಳಿಸಿ ಹಾಗೇ ಇಟ್ಟರೆ, ಕೆಳಗಿನ ಉಪ್ಪು ನಿಧಾನಕ್ಕೆ 40 ಅಡಿ ಮೇಲೇರಬಹುದು! ಒಂದೇ ಸಮನಾದ ಮರಳು ನೆಲಕ್ಕೆ ಈ ಲೆಕ್ಕ ಚೆನ್ನಾಗಿ ಹೊಂದುತ್ತದೆ. ಜಂಬಿಟ್ಟಿಗೆ, ಬಿರುಕು ಬಂಡೆಯಲ್ಲಿ ಅಡಿ ಲೆಕ್ಕ ಬದಲಾಗುತ್ತದೆ, ಆದರೆ ಉಪ್ಪು ಮೇಲೇರುವ ಕಾರಣ ಅದೇ. ಒಮ್ಮೆ ಉಪ್ಪಾದ ಬಾವಿ ಒಂದು ಮಳೆಗಾಲಕ್ಕೆ ಸರಿಹೋಗುತ್ತದೆ ಎಂಬ ಭರವಸೆ ಇಲ್ಲ.

2019ರಲ್ಲಿ ಜಲ ಜೀವನ್ ಮಿಷನ್ ಶುರುವಾದಾಗ ಹಳ್ಳಿಯ ಮನೆಗಳಲ್ಲಿ ಶೇಕಡಾ 17ಕ್ಕೆ ಮಾತ್ರ ನಲ್ಲಿ ಇತ್ತು. ಒಬ್ಬರಿಗೆ ದಿನಕ್ಕೆ 55 ಲೀಟರ್ ಕೊಡಬೇಕೆಂಬ ಗುರಿ. ನಲ್ಲಿ ಬೇಕೇ ಬೇಕು. ಆದರೆ ಎಷ್ಟೋ ಊರುಗಳಲ್ಲಿ ಆ ನಲ್ಲಿಯ ಇನ್ನೊಂದು ತುದಿ ಇರುವುದು ಅದೇ ಊರಿನ ಬಾವಿಯಲ್ಲಿ.

ಈ ಮೇ ತಿಂಗಳಲ್ಲಿ ಅಟ್ಟದಿಂದ ಹಳೇ ಹಗ್ಗ ಇಳಿಸಿ, ಕಲ್ಲು ಕಟ್ಟಿ ಬಾವಿಗೆ ಬಿಟ್ಟೆ. ನಾಲ್ಕನೇ ಗಂಟು ದಾಟಿ ಇನ್ನೂ ಮೂರು ಮೊಳ ಹೋಯಿತು. ಈಗ ಪ್ರತಿ ಭಾನುವಾರ ಬೆಳಿಗ್ಗೆ, ಪಂಪು ಹಾಕುವ ಮೊದಲು, ಅಳೆದು ಕ್ಯಾಲೆಂಡರಿನಲ್ಲಿ ಬರೆದಿಡುತ್ತಿದ್ದೇನೆ.